ಮೂವತ್ತಡಿ ಪೈಪು

ಸೋಲಾರ್ ಹೀಟರ್ ರಿಪೇರಿಯ ಬಿಲ್ಲು ನೋಡಿ ಚನ್ನವೀರಯ್ಯನವರ ಪಿತ್ತ ನೆತ್ತಿಗೇರಿತು.

"ವಾಲ್ವಿಗೆ ಒಂಬೈನೂರು, ಒಪ್ಪಿದೆ. ಇದೇನಯ್ಯ, ಪೈಪಿಗೆ ಎರಡು ಸಾವಿರ?"

"ಒಳಗೆ ಬನ್ನಿ ಸಾರ್, ಹೇಳ್ತೀನಿ," ಎಂದ ರಿಪೇರಿಯವನು.

ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದಳು. "ಕೊಟ್ಟು ಕಳಿಸ್ರೀ, ಪಾಪ."

"ಯಾಕೆ ಕೊಡಬೇಕು? ನಾನು ಯಾರದ್ದೂ ತಿನ್ನೋನಲ್ಲ, ನನ್ನದು ತಿನ್ನೋಕೆ ಬಿಡೋನೂ ಅಲ್ಲ."

ಗಲಾಟೆ ಕೇಳಿ ಪಕ್ಕದ ಮನೆಯ ರಾಜಮ್ಮ ಹೊರಬಂದರು. ಕೈಯಲ್ಲಿ ಒಲೆಯ ಮೇಲೆ ಕಾಯಿಸಿದ ನೀರಿನ ಪಾತ್ರೆ. ತಾರಸಿಯ ಮೇಲೆ ಎರಡೂ ಮನೆಯ ಟ್ಯಾಂಕುಗಳು ಅಕ್ಕಪಕ್ಕದಲ್ಲೇ ಇದ್ದರೂ, ಅವರ ಟ್ಯಾಂಕಿನ ಬಿಸಿನೀರು ಎರಡು ವರ್ಷದಿಂದ ಒಬ್ಬರ ಸ್ನಾನಕ್ಕೂ ಸಾಲುತ್ತಿರಲಿಲ್ಲ.

"ಬನ್ನಿ ರಾಜಮ್ಮ, ನೀವೇ ನ್ಯಾಯ ಹೇಳಿ. ನನ್ನ ಟ್ಯಾಂಕಿಂದ ನನ್ನ ಬಚ್ಚಲಿಗೆ ಹತ್ತೇ ಅಡಿ. ಇವನು ಮೂವತ್ತಡಿ ಪೈಪು ಬರೆದಿದಾನೆ. ಮಿಕ್ಕ ಇಪ್ಪತ್ತಡಿ ಎಲ್ಲಿಗೆ ಹಾಕಿದೆಯಯ್ಯ? ಇವರ ಮುಂದೇನೇ ಹೇಳು."

ಹೆಂಡತಿ ಮೆಲ್ಲಗೆ ಅಡುಗೆಮನೆಗೆ ಸರಿದಳು.

ರಿಪೇರಿಯವನು ತಲೆ ಕೆರೆದುಕೊಂಡ. "ಅದು ನಿಮ್ಮನೆ ಅಮ್ಮಾವ್ರು ಈ ಅಮ್ಮಾವ್ರ ಟ್ಯಾಂಕಿಂದ ಎಳೆಸಿರೋ ಹಳೇ ಲೈನಿಗೆ ಸಾರ್."