ಯಾರು ಎಷ್ಟು ಸಲ

"ಗುಂಡು ನಾಲ್ಕು ಸಲ ಅತ್ತ. ಅಪ್ಪ ಒಂದು ಸಲ."

ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ತಾಯಿಗೆ ಫೋನಿನಲ್ಲಿ ಬಂದ ವರದಿ ಇದು. ಒಪ್ಪಿಸಿದವಳು ಐದು ವರ್ಷದ ಮಗಳು. ಎಂಟು ತಿಂಗಳ ಗುಂಡು ದಿನಕ್ಕೆ ಎಷ್ಟು ಸಲ ಅಳುತ್ತಾನೆಂದು ಒಂದು ವಾರ ಬರೆದಿಡಿ ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಹೇಗೂ ಗೆರೆ ಎಳೆಯಲು ಬರುತ್ತದಲ್ಲ ಎಂದು ಗಂಡಹೆಂಡತಿ ಆ ಕೆಲಸವನ್ನು ಮಗಳ ತಲೆಗೆ ಕಟ್ಟಿದರು. ವಾರ ಮುಗಿಯಿತು, ಡಾಕ್ಟರು ಪುಸ್ತಕ ನೋಡಿ ಮಗು ಗಟ್ಟಿಮುಟ್ಟಾಗಿದೆ ಎಂದೂ ಆಯಿತು. ಇನ್ನು ಸಾಕು ಅಂತ ಮಗಳಿಗೆ ಹೇಳಲು ಇಬ್ಬರೂ ಮರೆತರು. ನಿಲ್ಲಿಸು ಅನ್ನದೆ ನಿಲ್ಲಿಸುವ ಪೈಕಿಯಲ್ಲ ಅವಳು.

"ಅಪ್ಪಾನಾ? ಯಾಕೆ?"

"ಯಾಕೆ ಅಂತ ನಾನು ಬರ್ಕೊಳ್ಳಲ್ಲ. ಎಷ್ಟು ಸಲ ಅಂತ ಮಾತ್ರ" ಎಂದು ಮಗಳು ಫೋನಿಟ್ಟಳು.

ತಾಯಿ ಡಬ್ಬಿ ಮುಚ್ಚಿಟ್ಟಳು. ಉಳಿ ಜಾರಿ ಹೆಬ್ಬೆರಳು ಸೀಳಿಕೊಂಡ ದಿನವೂ "ಥತ್" ಎಂದಷ್ಟೇ ಅಂದ ಬಡಗಿ, ಅವಳ ಗಂಡ. ಅವಳು ಕೆಲಸಕ್ಕೆ ಮರಳಲಿ ಎಂದು ತಾನೇ ಮುಂದಾಗಿ ಕೆಲಸದ ಕೊಟ್ಟಿಗೆಗೆ ಆರು ತಿಂಗಳ ಮಟ್ಟಿಗೆ ಬೀಗ ಹಾಕಿ ಮಕ್ಕಳ ಜೊತೆ ಮನೆಯಲ್ಲಿ ಉಳಿದಿದ್ದ. ಅವಳು ಮರಳಿ ಇವತ್ತಿಗೆ ಹನ್ನೊಂದು ದಿನ. ಹೊಸ ಕನ್ನಡಕ ಹಾಕಿಕೊಂಡವರು ಎದುರು ಗೋಡೆಯ ಗಡಿಯಾರವನ್ನು ತಾವೇ ಓದಿ "ಓಹೋ" ಎನ್ನುವ ಗಳಿಗೆಯೆಂದರೆ ಅವಳಿಗೆ ಪ್ರಾಣ. ಅವನು ಆಗಲ್ಲ ಅಂದುಬಿಟ್ಟರೆ ಅದಕ್ಕೆಲ್ಲ ಎಳ್ಳುನೀರು. ಕೇಳದೆ ಇದ್ದರೆ ತಲೆ ಸಿಡಿದುಹೋಗುತ್ತದೆ, ಕೇಳಿದರೆ ಏನು ಕೇಳಿಸಿಕೊಳ್ಳಬೇಕಾಗುತ್ತದೋ. ಆ ಮಧ್ಯಾಹ್ನ ಅವಳು ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ, ಬೈಸಿಕೊಂಡು, ಮತ್ತೆ ಬಿಚ್ಚಿದಳು.

ಸಂಜೆ ಮನೆಗೆ ಬಂದಾಗ ಗಂಡ ಗುಂಡುವನ್ನು ಸೊಂಟದ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಬಟ್ಟೆ ಮಡಚುತ್ತಿದ್ದ. "ಎಲ್ಲಾ ಆರಾಮು. ಇವನು ಚೆನ್ನಾಗಿ ಉಂಡ. ಅವಳು ಸಾಬೂನಿಗೆ ಸ್ನಾನ ಮಾಡಿಸಿದ್ಲು" ಎಂದು ತನ್ನ ಪಾಲಿನ ವರದಿ ಕೊಟ್ಟ.

"ನೀನು ಇವತ್ತು ಅತ್ತಿದ್ಯಂತೆ?"

"ನಾನಾ? ಈರುಳ್ಳಿ ಹೆಚ್ಚಿದ್ದೆ ಮಾರಾಯ್ತಿ."

ಮೇಜಿನ ಕೆಳಗೆ ಹೊಟ್ಟೆ ಅಡಿಯಾಗಿ ಮಲಗಿ ಚಿತ್ರ ಬಿಡಿಸುತ್ತಿದ್ದ ಮಗಳು ತಲೆ ಎತ್ತದೆ ತಿದ್ದಿದಳು: "ಈರುಳ್ಳಿ ಬೆಳಗ್ಗೆ. ಅಪ್ಪ ಅತ್ತಿದ್ದು ಗುಂಡು ಮಲಗಿದ್ಮೇಲೆ. ಬಚ್ಚಲಲ್ಲಿ, ನಲ್ಲಿ ಬಿಟ್ಕೊಂಡು. ನೀರು ನಿಂತೋಯ್ತು, ಅಪ್ಪ ನಿಲ್ಲಿಸಲಿಲ್ಲ."

ಗಂಡನ ಮುಖ ಇಷ್ಟಾಯಿತು. ಹೆಂಡತಿ ಬಗ್ಗಿ ಪುಸ್ತಕ ಕೈಗೆತ್ತಿಕೊಂಡಳು. ದಿನಕ್ಕೊಂದು ಹಾಳೆ. ಡಾಕ್ಟರು ನೋಡಿದ ವಾರದಲ್ಲಿ ಗುಂಡು ಒಬ್ಬನೇ; ಆಮೇಲಿನ ಪ್ರತಿ ಹಾಳೆಯಲ್ಲೂ ಬೋಳು ತಲೆಯ ಗುಂಡು, ಮೀಸೆಯ ಅಪ್ಪ, ಎರಡು ಜಡೆಯ ತಾನು. ಒಬ್ಬೊಬ್ಬರ ಮುಂದೆ ಅವರವರ ಗೆರೆ. ಹಿಂದಿನ ಹಾಳೆಗಳನ್ನು ತಿರುವಿದಳು. ಮೀಸೆಯ ಮುಂದೆ ಮೊನ್ನೆಯೂ ಒಂದು ಗೆರೆ ಇತ್ತು, ಅದಕ್ಕೂ ಹಿಂದೆ ಇನ್ನೊಂದು.

"ಇದನ್ನ ಯಾಕೆ ನಂಗೆ ಹೇಳ್ಲಿಲ್ಲ?"

"ನೀನು ದಿನಾ ಗುಂಡು ಎಷ್ಟು ಸಲ ಅತ್ತ ಅಂತ ಕೇಳ್ತಿದ್ದೆ. ಇವತ್ತು ಮಾತ್ರ ಫೋನಲ್ಲಿ ಮನೇಲಿ ಏನು ಸಮಾಚಾರ ಅಂದೆ."

ಈಗ ತಪ್ಪಿಸಿಕೊಳ್ಳಲು ಗಂಡನಿಗೆ ದಾರಿಯೇ ಇರಲಿಲ್ಲ. ಮಡಚಿದ ಬಟ್ಟೆಯನ್ನೇ ಇನ್ನೊಮ್ಮೆ ಮಡಚುತ್ತಾ ಹೇಳಿದ: "ಕೈಲಾಗಲ್ಲ ಅಂತಲ್ಲ ಕಣೇ. ಇವನು ಮಲಗ್ತಾನೆ, ಮನೆ ಸುಮ್ಮನಾಗುತ್ತೆ, ಆಗ ಬಂದ್ಬಿಡುತ್ತೆ. ಯಾಕೆ ಅಂತ ನಂಗೂ ಗೊತ್ತಿಲ್ಲ. ಐದು ನಿಮಿಷ, ಆಮೇಲೆ ಸರಿಹೋಗ್ತೀನಿ. ಇದನ್ನ ಕೇಳಿ ನೀನು ಕೆಲಸ ಬಿಟ್ಟುಗಿಟ್ಟೀಯಾ. ನೀನು ಆರಾಮಾಗಿ ಹೋಗಿ ಬರ್ತಿದ್ದೀಯ, ಅದು ಯಾಕೆ ಹಾಳಾಗಬೇಕು ಅಂತ ಬಾಯಿ ಬಿಡ್ಲಿಲ್ಲ."

ಅವಳು ಪುಸ್ತಕ ಮುಚ್ಚಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗುಂಡು ಮಡಚಿದ್ದನ್ನೆಲ್ಲ ಒಂದೇ ಒದೆಗೆ ನೆಲಕ್ಕೆ ಕೆಡವಿದ, ಮಗಳು ಕಿಸಕ್ಕನೆ ನಕ್ಕಳು, ಬಟ್ಟೆ ಆಯುವ ಗಲಾಟೆಯಲ್ಲಿ ಮಾತು ಹಾಗೇ ಉಳಿಯಿತು.

ಮರುದಿನ ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲೇ ಅವಳು ಫೋನು ಮಾಡಿದಳು.

"ಗುಂಡು ಮೂರು. ಅಪ್ಪ ಸೊನ್ನೆ. ನಾನು ಒಂದು, ಬೆರಳು ಬಾಗಿಲಿಗೆ ಸಿಕ್ತು" ಎಂದಳು ಮಗಳು. ಸ್ಪೀಕರ್ ಹಾಕಿಕೊಂಡಿದ್ದಳೆಂದು ಕಾಣುತ್ತದೆ. ಹಿಂದೆ ಗಂಡ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. "ಅಮ್ಮಾ, ನಿನ್ನ ಮುಖಾನೂ ಬರೆದಿದ್ದೀನಿ. ಕನ್ನಡಕ ಹಾಕಿದ್ದೀನಿ. ನಿಂದು ಎಷ್ಟು?"

ಅಂಗಡಿಯ ಮುಂಭಾಗದಲ್ಲಿ ಯಾರೋ ಗಿರಾಕಿ ಅಕ್ಷರ ಓದುತ್ತಿದ್ದರು. ತಾಯಿ ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ ಬಂದಳು.

"ಇವತ್ತಿಂದು ಮಾತ್ರಾನಾ, ಕೆಲಸಕ್ಕೆ ಬಂದ ಮೊದಲಿಂದಾನಾ?"

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಮೊದಲಿಂದ" ಎಂದಳು ಮಗಳು.

"ಹಾಗಾದ್ರೆ ಪೆನ್ಸಿಲ್ ಚೂಪು ಮಾಡ್ಕೊ ಪುಟ್ಟಿ. ಮೊದಲನೇ ದಿನ, ಮೂರು ಗೆರೆ."