ಅತ್ತೆಯ ಶೇಂಗಾ ಚಟ್ನಿ

ಮಿರ್ಚಿ ಭಜಿ ಬಾಯಿಗಿಟ್ಟ ರುದ್ರವ್ವ ಅಗಿಯುವುದನ್ನೇ ನಿಲ್ಲಿಸಿದಳು. ಮೇಲೆ ಉದುರಿಸಿದ್ದ ಶೇಂಗಾ ಚಟ್ನಿ ಥೇಟ್ ಅವಳ ಅತ್ತೆಯದೇ. ರಬಕವಿಯ ಮನೆಯಲ್ಲಿ ಆ ಮುದುಕಿ ಬಾಗಿಲು ಮುಚ್ಚಿಕೊಂಡು ಕುಟ್ಟುವ ಚಟ್ನಿ. ಹತ್ತು ವರ್ಷದಲ್ಲಿ ಸೊಸೆಯನ್ನು ಒಮ್ಮೆಯೂ ಒರಳಿನ ಹತ್ತಿರ ಬಿಟ್ಟವಳಲ್ಲ. ಅದು ಮುಧೋಳದ ಬಸ್ ಸ್ಟ್ಯಾಂಡಿನ ಕೈಗಾಡಿಗೆ ಹೇಗೆ ಬಂತು?

"ಈ ಚಟ್ನಿ ಯಾರ್ ಕಲಿಸಿದ್ರಬೇ ನಿನಗ?"

"ರಬಕವಿ ಅಮ್ಮಾರೊಬ್ರು ಅದಾರ್ರಿ," ಎಂದಳು ಗಾಡಿಯವಳು. "ಬೀಳಗಿಗೆ ಮಗಳ ಮನಿಗೆ ಹೋಗುಮುಂದ ಇಲ್ಲೇ ಬಸ್ ಕಾಯತಾರ. ಬಾಜೂಕ ಕುಂತು, ಕೈ ಹಿಡದು ಕಲಿಸಿದ್ರು."

ಕೈ ಹಿಡಿದು ಕಲಿಸಿದಳಂತೆ ಅತ್ತೆ, ಹಾದಿಯಲ್ಲಿ ಸಿಕ್ಕವಳಿಗೆ! ರುದ್ರವ್ವ ಗಾಡಿಗೆ ಇನ್ನಷ್ಟು ಹತ್ತಿರ ಸರಿದಳು. "ಏನೇನ್ ಹಾಕತಿ? ನನಗೂ ಹೇಳು."

"ಅದೊಂದ್ ಕೇಳಬ್ಯಾಡ್ರಿ ಅಕ್ಕಾರ. ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸ್ಯಾರ. ಸೊಸಿಗೆ ಗೊತ್ತಾತಂದ್ರ ಆ ಮನ್ಯಾಗ ನನ್ನ ಯಾರ್ ಕೇಳತಾರವ್ವಾ ಅಂತ ಅತ್ತಬಿಟ್ರು."

ಅಷ್ಟರಲ್ಲಿ ರಬಕವಿಯ ಕೆಂಪು ಬಸ್ಸಿನ ಬಾಗಿಲಿನಿಂದ ಗಂಡ ಕೂಗಿದ. "ಭಜಿ ಛಲೋ ಅದಾವಂದ್ರ ಮನಿಗೂ ಕಟ್ಟಿಸ್ಕೊ!"

ರುದ್ರವ್ವ ಬೆರಳಿಗಂಟಿದ ಚಟ್ನಿಯನ್ನು ಸೆರಗಿಗೆ ಒರೆಸಿಕೊಂಡಳು.

"ಏನ್ ಛಲೋ, ಬಿಡ್ರಿ! ನಿಮ್ಮವ್ವನ ಕೈರುಚಿ ಇವರಿಗೆಲ್ಲಿ ಬರತೈತಿ?"