ಬಿಟ್ಟ ಹಾಳೆ

ಹನ್ನೆರಡನೆಯ ಸಲವೂ ಡಾಕ್ಟರ್ ಸುಶೀಂದ್ರ ಮೂರನೆಯ ಹಾಳೆಯೊಡನೆ ನಾಲ್ಕನೆಯದನ್ನೂ ಸೇರಿಸಿ ತಿರುವಿದ. ಆಡೂರಿನ ಗುಡಿಯಂಗಳದಲ್ಲಿ ಶಾಸನದ ಕಲ್ಲಿನ ಪಕ್ಕಕ್ಕೆ ಮೇಜು ಹಾಕಿತ್ತು. ಎಂದೋ ಯಾರೋ ಕೊಟ್ಟ ದಾನಕ್ಕೆ ಸಾಕ್ಷಿಯೆಂದು ಆ ಕಲ್ಲು ತನ್ನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಹೊತ್ತು ನಿಂತಿತ್ತು. ಸಕ್ಕರೆ ಕಾಯಿಲೆಯ ಹೊಸ ಗುಳಿಗೆಯೊಂದನ್ನು ಪರೀಕ್ಷೆಗಾಗಿ ಆರು ತಿಂಗಳು ಸೇವಿಸಲು ಒಪ್ಪುವವರು ಒಪ್ಪಿಗೆಯ ಕಾಗದವನ್ನು ಓದಿಸಿಕೊಂಡು ಹೆಬ್ಬೆಟ್ಟು ಒತ್ತಬೇಕಿತ್ತು. ಬೆಳಗಿನಿಂದ ಹನ್ನೊಂದು ಹೆಂಗಸರು ಒತ್ತಿ ಹೋಗಿದ್ದರು.

ನರ್ಸ್ ಶೀಲಾ ಶಾಯಿಯ ಪ್ಯಾಡನ್ನು ಮುಂದಕ್ಕೆ ಸರಿಸಿದಳು. ಮುದುಕಿ ಭರಮವ್ವ ಕೈಯನ್ನು ಸೆರಗಿನೊಳಗಿಂದ ತೆಗೆಯಲಿಲ್ಲ.

"ಡಾಕ್ಟರ, ಒಂದು ಹಾಳಿ ಬಿಟ್ರಿ."

"ನಿನಗ ಓದಾಕ ಬರ್ತೈತೇನ ಯವ್ವಾ?" ಶೀಲಾ ನಕ್ಕಳು.

"ಓದಾಕ ಬರಂಗಿಲ್ಲ ನನ್ನವ್ವ, ಕೇಳಾಕ ಬರ್ತೈತಿ." ಭರಮವ್ವ ವೈದ್ಯನತ್ತ ತಿರುಗಿದಳು. "ನೀವು ನರಸಿಂಹಾಚಾರ್ರ ಮಗ ಹೌದಲ್ರಿ? ಶ್ರಾವಣ ಬಂತಂದ್ರ ನಿಮ್ಮಪ್ಪಾರು ಇದ ಗುಡಿ ಕಟ್ಟಿ ಮ್ಯಾಲೆ ಪುರಾಣ ಓದತಿದ್ರು. ನಾ ಕಂಬಕ್ಕ ಆತು ಕುಂತು ಇಪ್ಪತ್ತು ವರ್ಷ ಕೇಳೇನಿ. ಗಾಳಿಗೆ ಹಾಳಿ ಕೂಡಿ ಒಂದು ಬಿಟ್ಟುಹೋತಂದ್ರ, ಪೋಥಿಗೆ ಕೈ ಮುಗದು ಹಿಂದಕ್ಕ ಹೋಗತಿದ್ರು. ಒಂದು ಹಾಳಿ ತಿರುವಿದ ಸಪ್ಪಳಾನ ಬ್ಯಾರೆ, ಎರಡರದ್ದು ಬ್ಯಾರೆ."

ಸುಶೀಂದ್ರನ ಕಿವಿ ಬಿಸಿಯಾಯಿತು. ಆ ಹಾಳೆಯಲ್ಲಿದ್ದುದು ಹತ್ತೇ ಸಾಲು. ಅದನ್ನು ಓದಿದರೆ ಜನ ಎದ್ದುಹೋಗುವರೆಂದೂ ಸಂಜೆಯೊಳಗೆ ನಲವತ್ತು ಹೆಬ್ಬೆಟ್ಟು ಆಗಲೇಬೇಕೆಂದೂ ಮೇಲಿನವರು ಎಚ್ಚರಿಸಿದ್ದರು. ತನಗರಿವಿಲ್ಲದೆಯೇ ಅವನ ಕೈಗಳು ಕೂಡಿದವು. ಹಾಳೆಯನ್ನು ಹಿಂದಕ್ಕೆ ತಿರುವಿ, ಒಂದಕ್ಷರ ಬಿಡದೆ ಓದಿದ. ಈ ಮೊದಲು ಗುಳಿಗೆ ಸೇವಿಸಿದ ನೂರು ಮಂದಿಯಲ್ಲಿ ಮೂವರ ಯಕೃತ್ತು ಕೆಟ್ಟಿತ್ತು.

"ಯಕೃತ್ತಂದ್ರ?"

"ಲಿವರ್ ರೀ. ಕಾಮಾಲಿ ಆಗ್ತದ. ಜೀವಕ್ಕ ಬಂದ್ರೂ ಬಂತು. ನೀವು ಒಲ್ಲೆ ಅನ್ನಬಹುದು. ಒಪ್ಪಿದ ಮ್ಯಾಲೂ ಯಾವಾಗ ಬೇಕಾದ್ರೂ ಬಿಡಬಹುದು, ಯಾಕಂತ ಯಾರೂ ಕೇಳಂಗಿಲ್ಲ."

ಭರಮವ್ವ ಕಲ್ಲಿನ ನೆತ್ತಿಯ ಸೂರ್ಯಚಂದ್ರರತ್ತ ನೋಡಿದಳು.

"ಯಾರರ ಮೊದಲ ನುಂಗಬೇಕಲ್ರಿ, ಆಮ್ಯಾಲೆ ಉಳದ ಮಂದಿಗೆ ಗೊತ್ತಾಕ್ಕೈತಿ. ನಾ ನುಂಗತೇನಿ. ಆದ್ರ ಆ ಹನ್ನೊಂದು ಮಂದಿ ಇದನ್ನ ಕೇಳಿಲ್ಲ."

ಸುಶೀಂದ್ರ ಕುರ್ಚಿಯಿಂದೆದ್ದ. ಬಾಲ್ಯದಲ್ಲಿ ತಂದೆ ಪೋಥಿಯಿಟ್ಟು ಓದುತ್ತಿದ್ದ ವ್ಯಾಸಪೀಠದ ಮುಂದೆ ನಿಲ್ಲುತ್ತಿದ್ದಂತೆ, ಇಷ್ಟು ವರ್ಷಗಳ ಮೇಲೆ, ಈ ನಿರಕ್ಷರ ಮುದುಕಿಯ ಮುಂದೆ ಕೈಕಟ್ಟಿ ನಿಂತ.

"ಶೀಲಾ, ಎಲ್ಲಾರನ್ನೂ ತಿರುಗಿ ಕರೀರಿ."

"ಕೇಳಿ ಎದ್ದು ಹೋದ್ರಂದ್ರ, ಸರ?"

"ಹೋಗ್ಲಿ ಬಿಡ್ರಿ."

ಭರಮವ್ವ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು, ಆ ಬಿಟ್ಟ ಹಾಳೆಯ ನೆತ್ತಿಗೇ ಒತ್ತಿದಳು.

"ಅಲ್ಲಲ್ಲ ಯವ್ವಾ, ಕಡೀ ಹಾಳೀ ಚೌಕದಾಗ!" ಶೀಲಾ ತಡೆದಳು.

"ಅಲ್ಲೂ ಒತ್ತತೇನಿ, ತಡಿಯವ್ವಾ. ಈ ಹಾಳಿ ಇನ್ನ ಯಾರ ಕಣ್ಣಿಗೂ ತಪ್ಪಬಾರದು." ಮೊದಲ ಗುರುತಿನ ಪಕ್ಕದಲ್ಲಿ ಬೆರಳಿನ ಅಂಚನ್ನಷ್ಟೇ ತಾಗಿಸಿದಳು. ಒಂದು ದುಂಡಗೆ ಮೂಡಿತ್ತು. ಇನ್ನೊಂದು ಬಾಗಿದ ಗೆರೆ.

ಸುಶೀಂದ್ರ ತಲೆಯೆತ್ತಿದ. ಕಲ್ಲಿನ ನೆತ್ತಿಯ ಸೂರ್ಯಚಂದ್ರರು ಯಾವ ಕಾಲದವರೋ. ಕಾಗದದ ಮೇಲಿನವರ ಶಾಯಿ ಇನ್ನೂ ಆರಿರಲಿಲ್ಲ.